ಎರಡು ಬೆರಳು ಸಡಿಲ

ದರ್ಜಿ ತಾತ ಹೊಲಿದ ಬಟ್ಟೆ ಮೂರು ವರ್ಷ ಬಾಳುತ್ತದೆ ಎಂದು ಊರಿನವರು ಹೇಳುತ್ತಿದ್ದರು. ಅದು ಸುಳ್ಳಲ್ಲ. ಮೊದಲ ವರ್ಷ ದೊಗಳೆ, ಎರಡನೆಯ ವರ್ಷ ಸರಿ, ಮೂರನೆಯ ವರ್ಷ ಬಿಗಿ. ಮೈಗೆ ಸರಿಹೋಗುವ ಹೊತ್ತಿಗೆ ಬಣ್ಣ ಮಾಸಿ ಮೊಣಕೈ ತೂತು ಬಿದ್ದಿರುತ್ತಿತ್ತು ಎನ್ನುವುದೂ ಸುಳ್ಳಲ್ಲ. ಆದರೆ ಅದನ್ನು ಅವನೆದುರು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಊರಿಗೆ ಇದ್ದವನು ಅವನೊಬ್ಬನೇ ದರ್ಜಿ. ಮುನಿಸಿಕೊಂಡರೆ ಬರೀ ಗುಂಡಿ ಹಾಕುವುದಕ್ಕೇ ವಾರಗಟ್ಟಲೆ ಸತಾಯಿಸುತ್ತಿದ್ದ.

ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಕಿಟಕಿಯ ಪಕ್ಕಕ್ಕೆ ಕಾಲಲ್ಲಿ ತುಳಿಯುವ ಮಷೀನು, ಎದುರಿಗೆ ಬಟ್ಟೆ ಕತ್ತರಿಸುವ ಅಗಲದ ಮೇಜು, ಮೇಜಿನ ಕೆಳಗೆ ಮೊಣಕಾಲೆತ್ತರ ತುಂಡು ಬಟ್ಟೆಯ ರಾಶಿ. ಅಳತೆಗೆ ಬಂದ ಮಗುವನ್ನು ಕಿಟಕಿಯ ಬೆಳಕಿಗೆ ನಿಲ್ಲಿಸಿ, ಎದೆಯ ಸುತ್ತ ಟೇಪು ಸುತ್ತಿ, ಟೇಪಿನ ಒಳಗೆ ಎಡಗೈಯ ಎರಡು ಬೆರಳು ತೂರಿಸಿ ಆಮೇಲೆ ಅಂಕಿ ಓದುತ್ತಿದ್ದ. ಕತ್ತರಿಸುವಾಗ ಸೀಮೆಸುಣ್ಣದ ಗೆರೆಯ ಮೇಲೆ ಕತ್ತರಿ ಓಡಿಸುತ್ತಿರಲಿಲ್ಲ. ಗೆರೆಯಿಂದ ಒಂದು ಬೆರಳು ಆಚೆಗೆ ಓಡಿಸುತ್ತಿದ್ದ. ಕೇಳಿದವರಿಗೆ ಒಂದೇ ಉತ್ತರ: "ಬೆಳೆಯೋ ಮಕ್ಕಳು."

ಊರ ಮಕ್ಕಳಿಗೆ ಎರಡು ಬೆರಳಾದರೆ ಸ್ವಂತ ಮೊಮ್ಮಗಳಿಗೆ ನಾಲ್ಕು. ಅವನ ಪ್ರೀತಿಯೆಲ್ಲ ಬಟ್ಟೆಯ ಸಡಿಲದಲ್ಲೇ ಇತ್ತು. ಏಳು ವರ್ಷದ ಆ ಹುಡುಗಿ ಚೋಟುದ್ದ ಇದ್ದಳೆಂದು ಮನೆಯಲ್ಲಿ ಚೋಟಮ್ಮ ಎಂದು ಕರೆಯುತ್ತಿದ್ದರು. ಶಾಲೆಯಲ್ಲಿ ಮಾತ್ರ ಅವಳ ಹೆಸರು ದೊಗಳೆ. ಹಾಲಿನವರ ಮೊಮ್ಮಗಳು ಇಟ್ಟ ಹೆಸರು ಅದು. ಒಮ್ಮೆ ಓಟದ ಆಟದಲ್ಲಿ ಚೋಟಮ್ಮನ ಫ್ರಾಕು ಅವಳಿಗಿಂತ ಒಂದು ಹೆಜ್ಜೆ ಹಿಂದೆ ಬಂತು ಎಂದು ಆ ಹುಡುಗಿ ಎಲ್ಲರೆದುರು ಹೇಳಿ ನಗಿಸಿದ್ದಳು. ಅಂದಿನಿಂದ ಹೆಸರು ಅಂಟಿಕೊಂಡಿತ್ತು.

ಆ ವರ್ಷ ಶಾಲೆಗೆ ಐವತ್ತು ತುಂಬುವುದಿತ್ತು. ಮೂವತ್ತೆರಡು ಮಕ್ಕಳ, ಒಬ್ಬಳೇ ಟೀಚರಿನ ಸಣ್ಣ ಶಾಲೆ. ಆ ದಿನ ಹಳೆಯ ವಿದ್ಯಾರ್ಥಿಗಳೆಲ್ಲ ಬರುತ್ತಾರೆ, ವರ್ಷಕ್ಕೊಂದರಂತೆ ಐವತ್ತು ಸಲ ಗಂಟೆ ಹೊಡೆಯಬೇಕು, ಶಾಲೆಯಲ್ಲಿ ಎಲ್ಲರಿಗಿಂತ ಚಿಕ್ಕವರು ಯಾರೋ ಅವರೇ ಹೊಡೆಯಬೇಕು ಎಂದು ಟೀಚರ್ ಗೊತ್ತುಮಾಡಿದಳು. ಗೋಡೆಗೆ ನಿಲ್ಲಿಸಿ ಎತ್ತರ ನೋಡಿದರು. ಎಲ್ಲರಿಗಿಂತ ಚಿಕ್ಕವಳು ಚೋಟಮ್ಮ.

ಅಂದು ಸಂಜೆ ಚೋಟಮ್ಮ ಚೀಲವನ್ನೂ ಇಳಿಸದೆ ಮೇಜಿನ ಮುಂದೆ ನಿಂತಳು.

"ತಾತ, ನಂಗೆ ಇವತ್ತಿನ ಫ್ರಾಕ್ ಬೇಕು."

"ಇವತ್ತಿನದು ಅಂದ್ರೆ?"

"ನೀನು ಯಾವಾಗ್ಲೂ ಮುಂದಿನ ವರ್ಷದ್ದೇ ಹೊಲೀತೀಯ. ನಂಗೆ ಇವತ್ತು ಸರಿಹೋಗೋದು ಬೇಕು. ಗಂಟೆ ಹೊಡೆಯೋಕೆ."

ತಾತ ಮಷೀನಿನ ಚಕ್ರಕ್ಕೆ ಕೈ ಕೊಟ್ಟು ನಿಲ್ಲಿಸಿದ. "ನಿಂದು ನೀಲಿ ಫ್ರಾಕ್ ಆಗಲೇ ಹೊಲಿದಾಯ್ತಲ್ಲ. ಗೂಟದ ಮೇಲಿದೆ ನೋಡು."

ಚೋಟಮ್ಮ ನೋಡಿದಳು. ಗೂಟದ ಮೇಲೆ ನೀಲಿ ಫ್ರಾಕು ತೂಗುತ್ತಿತ್ತು. ಒಳಗೆ ಇಬ್ಬರು ಚೋಟಮ್ಮಂದಿರು ಹಿಡಿಯುವಂತಿತ್ತು.

"ಹಿಡಿದು ಹೊಲಿದುಕೊಡು."

"ಹಿಡಿದು ಹೊಲಿದ್ರೆ ಆಮೇಲೆ ಬಿಚ್ಚಿದಾಗ ಗೆರೆ ಉಳಿಯುತ್ತೆ. ನನ್ನ ಬಟ್ಟೇಲಿ ಗೆರೆ ನೋಡಿದೋರು ಈ ಊರಲ್ಲಿ ಇಲ್ಲ."

"ನನ್ನ ಕೈ ನೋಡಿದೋರೂ ಇಲ್ಲ. ತೋಳಿನ ಒಳಗೇ ಇರುತ್ತೆ."

ಒಳಗಿನ ಬಾಗಿಲಲ್ಲಿ ಕೂತು ಅಂಗಿಗೆ ಗುಂಡಿಯ ಕಾಜಾ ಹಾಕುತ್ತಿದ್ದ ಅಜ್ಜಿ ಕಿಸಕ್ಕನೆ ನಕ್ಕಳು. ತಾತ ಕನ್ನಡಕದ ಮೇಲಿಂದ ಅತ್ತ ನೋಡಿದ.

"ನಗ್ತೀಯೇನು? ನಿನ್ನ ಬೆಂಬಲದಿಂದಲೇ ಇವಳು ಹೀಗೆ ಮಾತಾಡ್ತಾಳೆ."

"ನಾನೇನು ಅಂದೆ? ನಮ್ಮ ಮದುವೆಯಾದ ವರ್ಷ ನೀವು ನಂಗೊಂದು ರವಿಕೆ ಹೊಲಿದುಕೊಟ್ರಿ. ತುಂಬ್ಕೋತೀನಿ ತುಂಬ್ಕೋತೀನಿ ಅಂತ ಮೂವತ್ತೈದು ವರ್ಷದಿಂದ ಉಣ್ತಾ ಇದ್ದೀನಿ. ಇನ್ನೂ ಆಗಿಲ್ಲ."

ತಾತ ಮಷೀನು ತುಳಿದ. ಮಾತಿಗೆ ಸೋತಾಗಲೆಲ್ಲ ಅವನು ಮಷೀನನ್ನು ಜೋರಾಗಿ ತುಳಿಯುತ್ತಿದ್ದ. ಚೋಟಮ್ಮ ಮೇಜಿನ ಕೆಳಗಿನ ತುಂಡು ಬಟ್ಟೆಯ ರಾಶಿಯೊಳಗೆ ಹೋಗಿ ಕೂತಳು. ಕರೆದರೂ ಹಾಲು ಕುಡಿಯಲು ಬರಲಿಲ್ಲ.

ಎರಡು ದಿನ ಕಳೆದ ಮೇಲೆ ಟೀಚರ್ ಅಂಗಡಿಗೆ ಬಂದಳು. ಕೈಯಲ್ಲಿ ಸುರುಳಿ ಸುತ್ತಿದ ದಪ್ಪ ಬಣ್ಣದ ಕಾಗದ, ಒಂದು ಡಬ್ಬಿ ಗೋಂದು, ಚಿತ್ರ ಬರೆದ ಹಾಳೆ.

"ತಾತ, ಆ ದಿನ ಎಲ್ಲ ಮಕ್ಕಳ ತಲೆ ಮೇಲೂ ಕಾಗದದ ಕಿರೀಟ ಇರಲಿ ಅಂತ ಆಸೆ. ಸುಲಭದ ಕೆಲಸ. ಒಂದು ಪಟ್ಟಿ, ಮೇಲುಗಡೆ ಹಲ್ಲು ಹಲ್ಲಾಗಿ ಕತ್ತರಿಸೋದು, ಎರಡು ತುದಿ ಸೇರಿಸಿ ಅಂಟಿಸೋದು. ಮಕ್ಕಳು ತಾವೇ ಮಾಡ್ಕೋತಾರೆ. ಬುಧವಾರ ಮಧ್ಯಾಹ್ನ ಬಂದು ನೀವು ಸುಮ್ನೆ ನೋಡ್ತಾ ನಿಂತಿದ್ರೆ ಸಾಕು."

"ಸುಮ್ನೆ ನೋಡ್ತಾ ನಿಲ್ಲೋದಾ?" ಎಂದಳು ಅಜ್ಜಿ. "ಇವರ ಕೈಲಿ ಆಗದ ಕೆಲಸವನ್ನೇ ಹುಡುಕಿ ತಂದಿದ್ದೀರಲ್ಲ ಟೀಚರಮ್ಮ."

ಮೇಜಿನ ಕೆಳಗಿಂದ ಚೋಟಮ್ಮನ ತಲೆ ಹೊರಬಂತು. ಅಜ್ಜಿ ಅದನ್ನು ನೋಡಿದಳು.

"ರೀ, ಬಟ್ಟೆಯಂತೂ ಸರಿಯಾಗಿ ಆಗ್ಲಿಲ್ಲ. ಕಾಗದದ್ದಾದ್ರೂ ಮಗುಗೆ ಸರಿಯಾಗಿ ಮಾಡಿಕೊಡಿ. ಕಾಗದ ಮೂರು ವರ್ಷ ಬರೋದಿಲ್ಲ. ಒಂದು ದಿನದ್ದು. ಅದಕ್ಕೆ ಬೆಳೆಯೋ ಮಾತೇ ಇಲ್ಲ."

ತಾತ ಯೋಚಿಸಿದ. ಒಂದು ದಿನಕ್ಕೆಂದು ಅವನು ಹುಟ್ಟಿದಾಗಿನಿಂದ ಏನನ್ನೂ ಮಾಡಿದವನಲ್ಲ. ಆದರೆ ಮೊಮ್ಮಗಳ ಮುಖ ಎರಡು ದಿನದಿಂದ ಊದಿಕೊಂಡಿತ್ತು.

"ಆಯ್ತು ಬಾ. ನಿನ್ನ ತಲೆಗೆ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲದ ಕಿರೀಟ. ಸಾಕಾ?"

"ಆಣೆ?"

"ನನ್ನ ಕತ್ತರಿ ಆಣೆ."

ಚೋಟಮ್ಮ ಹೊರಗೆ ಬಂದು ಹಾಲು ಕುಡಿದಳು. ತಾತನ ಬಾಯಲ್ಲಿ ಕತ್ತರಿಗಿಂತ ದೊಡ್ಡ ಆಣೆ ಇರಲಿಲ್ಲ.

ಬುಧವಾರ ತಾತ ಶಾಲೆಗೆ ಹೋದ. ಹೋಗುವಾಗ ಹಳೆಯ ಕತ್ತರಿ ತೆಗೆದುಕೊಂಡ. ಬಟ್ಟೆಯ ಕತ್ತರಿಯಲ್ಲಿ ಕಾಗದ ಕತ್ತರಿಸಿದರೆ ಬಾಯಿ ಮೊಂಡಾಗುತ್ತದೆಂದು ಅದನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ದ. ಮಕ್ಕಳು ನೆಲದ ಮೇಲೆ ಸಾಲಾಗಿ ಕೂತಿದ್ದರು. ಪ್ರತಿಯೊಬ್ಬರ ಮುಂದೆಯೂ ಒಂದು ಪಟ್ಟಿ ಕಾಗದ, ತುದಿ ಮೊಂಡಾದ ಸಣ್ಣ ಕತ್ತರಿ. ನಾಲಿಗೆ ಹೊರಗೆ ಹಾಕಿ, ಉಸಿರು ಹಿಡಿದು ಎಲ್ಲರೂ ಕತ್ತರಿಸುತ್ತಿದ್ದರು.

ತಾತ ಕೈ ಹಿಂದೆ ಕಟ್ಟಿ ಸಾಲಿನ ನಡುವೆ ಒಂದು ಸುತ್ತು ಬಂದ. ಒಬ್ಬನ ಕಿರೀಟದ ಹಲ್ಲುಗಳು ಒಂದು ದೊಡ್ಡದು, ಒಂದು ಚಿಕ್ಕದು, ಒಂದು ಇಲ್ಲವೇ ಇಲ್ಲ. ಹಾಲಿನವರ ಮೊಮ್ಮಗಳದರಲ್ಲಿ ನಡುವಿನ ಹಲ್ಲು ಎಮ್ಮೆಯ ಕೊಂಬಿನಂತೆ ಪಕ್ಕಕ್ಕೆ ಬಾಗಿತ್ತು. ಎರಡನೆಯ ಸುತ್ತಿಗೆ ಅವನ ಕೈ ಬೆನ್ನಿನ ಹಿಂದಿನಿಂದ ಬಿಚ್ಚಿಕೊಂಡಿತು. ಮೂರನೆಯ ಸುತ್ತಿಗೆ ಆ ಕೊಂಬಿನ ಪಟ್ಟಿ ಅವನ ಕೈಯಲ್ಲಿತ್ತು.

"ತಾತ, ವಕ್ರ ಇದ್ರೂ ಪರವಾಗಿಲ್ಲ," ಎಂದಳು ಟೀಚರ್. "ಅವರೇ ಮಾಡ್ಲಿ ಅಂತಾನೇ ಇದು."

"ಟೀಚರಮ್ಮ, ನೀವು ಲೆಕ್ಕ ತಪ್ಪಿದ್ರೆ ಸುಮ್ನೆ ನೋಡ್ತಾ ನಿಲ್ತೀರಾ?"

"ತಿದ್ತೀನಿ."

"ನಾನೂ ತಿದ್ತೀನಿ."

ಕಾಲು ಗಂಟೆಯಲ್ಲಿ ಮಕ್ಕಳು ಕತ್ತರಿ ಕೆಳಗಿಟ್ಟು ಕಿಟಕಿಯ ಬಳಿ ಸಾಲು ನಿಂತಿದ್ದರು. ತಾತ ಕೊರಳಲ್ಲಿದ್ದ ಟೇಪು ತೆಗೆದು ಒಬ್ಬೊಬ್ಬರ ತಲೆ ಅಳೆದು ಅಳತೆ ಪುಸ್ತಕದಲ್ಲಿ ಬರೆದುಕೊಂಡ. ಮಕ್ಕಳಿಗೆ ಏನಾದರೂ ಕೆಲಸ ಬೇಕಲ್ಲ ಎಂದು ಟೀಚರ್ ನಕ್ಷತ್ರ, ಹೂವು ಕತ್ತರಿಸಿ ಬಣ್ಣ ಹಚ್ಚಲು ಹೇಳಿದಳು. ಅವು ವಕ್ರವಾಗಿಯೇ ಬಂದವು. ನಕ್ಷತ್ರಕ್ಕೆ ಅಳತೆ ಇಲ್ಲವೆಂದು ತಾತ ಬಿಟ್ಟುಕೊಟ್ಟ.

ಉಳಿದ ಕಾಗದವನ್ನೆಲ್ಲ ಹೊತ್ತು ಮನೆಗೆ ಬಂದ. ಗುರುವಾರ, ಶುಕ್ರವಾರ ಎರಡು ದಿನ ಬೇರೆಯವರ ಬಟ್ಟೆ ಮುಟ್ಟಲಿಲ್ಲ. ಅಳತೆ ಪುಸ್ತಕ ತೆರೆದಿಟ್ಟು, ಮೇಜಿನ ಮೇಲೆ ಕಾಗದ ಹಾಸಿ, ಗೆರೆ ಎಳೆದು ಕತ್ತರಿಸಿದ. ಹಲ್ಲುಗಳು ಗರಗಸದಂತೆ ಒಂದೇ ಸಮ ಬಂದವು. ತುದಿಗಳನ್ನು ಗೋಂದಿನಿಂದ ಕೂಡಿಸಿ ಇಸ್ತ್ರಿ ಪೆಟ್ಟಿಗೆಯ ಭಾರ ಹೇರಿದ. ಮಕ್ಕಳ ನಕ್ಷತ್ರ ಅಂಟಿಸಿದ. ಒಳಗಡೆ ಪ್ರತಿಯೊಬ್ಬರ ಹೆಸರನ್ನೂ ಬರೆದ. ಹೊಲ ಮುಗಿಸಿ ಸಂಜೆ ಬಂದ ಮಗ ಸೊಸೆ ಇಬ್ಬರೂ ಬಾಗಿಲಲ್ಲಿ ನಿಂತು ನೋಡಿ, ಇಷ್ಟು ಚಂದದ ಕಾಗದದ ಕೆಲಸವನ್ನು ಪೇಟೆಯಲ್ಲೂ ಕಂಡಿಲ್ಲ ಎಂದರು. ತಾತ ಹೊಗಳಿಕೆ ಕೇಳಿಸದವನಂತೆ ಇನ್ನೊಂದು ಹಲ್ಲು ಕತ್ತರಿಸಿದ.

"ನಂದು ಹಾಕಿ ನೋಡ್ತೀನಿ ತಾತ," ಎಂದು ಚೋಟಮ್ಮ ಹತ್ತು ಸಲ ಕೇಳಿದಳು.

"ಗೋಂದು ಹಸಿ ಇದೆ. ಮುಟ್ಟಿದ್ರೆ ಸೊಟ್ಟ ಆಗುತ್ತೆ. ಆ ದಿನವೇ ನೋಡುವೆಯಂತೆ."

"ಸರಿಯಾಗಿದೆ ತಾನೆ?"

"ನಲವತ್ತು ವರ್ಷದ ಕೈ ಇದು."

ಅಜ್ಜಿ ಒಳಗಿಂದ ಹೇಳಿದಳು: "ಅದೇ ಹೆದರಿಕೆ."

ಶನಿವಾರ ಬೆಳಗ್ಗೆ ಶಾಲೆಯ ಅಂಗಳದಲ್ಲಿ ಬೆಂಚುಗಳನ್ನು ಸಾಲಾಗಿ ಹಾಕಿದ್ದರು. ಹಳೆಯ ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ಬಂದು, ಚಿಕ್ಕಂದಿನಲ್ಲಿ ಕೂತ ಬೆಂಚು ಹುಡುಕಿ ಕೂರುತ್ತಿದ್ದರು. ಮೊದಲ ಸಾಲಿನಲ್ಲಿ ಹಾಲಿನವನು ಕೂತಿದ್ದ. ಬೋಳುತಲೆ, ದೊಡ್ಡ ಹೊಟ್ಟೆ, ಅದಕ್ಕಿಂತ ದೊಡ್ಡ ದನಿ. ಐವತ್ತು ವರ್ಷದ ಹಿಂದೆ ಅವನೂ ದರ್ಜಿ ತಾತನೂ ಒಂದೇ ದಿನ ಈ ಶಾಲೆಗೆ ಸೇರಿದವರು.

ಜಗಲಿಯ ಮೇಲೆ ಮಕ್ಕಳು ಸಾಲು ನಿಂತರು. ಪಕ್ಕದ ತೊಲೆಗೆ ಗಂಟೆಯೆಂದು ರೈಲು ಹಳಿಯ ಒಂದು ತುಂಡನ್ನು ಹಗ್ಗ ಕಟ್ಟಿ ತೂಗುಹಾಕಿದ್ದರು. ತಾತ ಬಟ್ಟೆಯ ಗಂಟು ಬಿಚ್ಚಿದ. ಮೂವತ್ತೆರಡು ಕಿರೀಟಗಳು ಹೊರಬಂದಾಗ ಅಂಗಳದಲ್ಲಿ 'ಓ' ಎಂಬ ಸದ್ದಾಯಿತು. ತಾತ ಗಂಟಲು ಸರಿಮಾಡಿಕೊಂಡು ಮೊದಲನೆಯ ಕಿರೀಟದೊಳಗಿನ ಹೆಸರು ಓದಿದ. ಹಾಲಿನವರ ಮೊಮ್ಮಗಳು ಮುಂದೆ ಬಂದಳು. ಎರಡೂ ಕೈಯಲ್ಲಿ ಕಿರೀಟ ಹಿಡಿದು ಅವಳ ತಲೆಯ ಮೇಲಿಟ್ಟ.

ಕಿರೀಟ ನಿಲ್ಲಲಿಲ್ಲ. ಹಣೆ ದಾಟಿತು, ಹುಬ್ಬು ದಾಟಿತು, ಮೂಗಿನ ಮೇಲೆ ಬಂದು ಕೂತಿತು.

"ಟೀಚರ್, ಕತ್ತಲಾಯ್ತು," ಎಂದಳು ಒಳಗಿನಿಂದ.

ತಾತ ನಕ್ಕ. ಇವಳದು ಎಲ್ಲೋ ತಪ್ಪಿರಬೇಕು ಎಂದುಕೊಂಡ. ಎರಡನೆಯದನ್ನು ಇಟ್ಟ. ಅದೂ ಮೂಗಿಗೆ ಬಂತು. ಮೂರನೆಯ ಮಗುವಿಗೆ ಕಿವಿ ಸ್ವಲ್ಪ ಅಗಲ ಇದ್ದದ್ದರಿಂದ ಕಿವಿಯ ಮೇಲೆ ನಿಂತಿತು. ಹತ್ತನೆಯದರ ಹೊತ್ತಿಗೆ ತಾತನ ನಗೆ ನಿಂತಿತ್ತು, ಅಂಗಳದ ನಗೆ ಶುರುವಾಗಿತ್ತು. ಕಣ್ಣಿಲ್ಲದ ಪುಟ್ಟ ರಾಜರಾಣಿಯರು ಜಗಲಿಯ ಮೇಲೆ ಕೈ ಮುಂದೆ ಚಾಚಿ ತಡಕಾಡುತ್ತಿದ್ದರು. ಒಬ್ಬ ಕಂಬಕ್ಕೆ ಡಿಕ್ಕಿ ಹೊಡೆದು ಕಂಬಕ್ಕೇ ಬೈದ.

ಹಾಲಿನವನು ಎದ್ದು ನಿಂತ. "ಏನಪ್ಪಾ ದರ್ಜಿ! ಒಬ್ಬರಿಗೆ ಟೋಪಿ ಹಾಕೋದೇ ಕಷ್ಟ. ನೀನು ಒಂದೇ ದಿನ ಮೂವತ್ತೆರಡು ಜನಕ್ಕೆ ಹಾಕಿದ್ಯಲ್ಲ!"

"ಮಕ್ಕಳು ಬೆಳೀತಾರೆ ಮಾರಾಯ," ಎಂದು ಹಿಂದಿನ ಬೆಂಚಿನಿಂದ ಇನ್ನೊಬ್ಬರು ಕೂಗಿದರು. "ಸಂಜೆಯೊಳಗೆ ಸರಿಹೋಗುತ್ತೆ ಬಿಡು!"

"ಹುಟ್ಟುಗುಣ ಸುಟ್ಟರೂ ಹೋಗಲ್ಲ," ಎಂದಳು ಅಜ್ಜಿ ತನ್ನಷ್ಟಕ್ಕೆ. ಆದರೆ ಅವಳು ನಗಲಿಲ್ಲ. ಅವಳ ಕಣ್ಣು ಸಾಲಿನ ಕೊನೆಯಲ್ಲಿತ್ತು.

ಕೊನೆಯಲ್ಲಿ ಉಳಿದದ್ದು ಚೋಟಮ್ಮ. ನೀಲಿ ಫ್ರಾಕಿನ ತೋಳುಗಳನ್ನು ಮಡಿಸಿ ಮಡಿಸಿ ಮೇಲೇರಿಸಿಕೊಂಡು, ಮುಖ ಮೇಲೆತ್ತಿ, ಕಣ್ಣು ಮುಚ್ಚಿ ನಿಂತಿದ್ದಳು. ತಾತ ಕೊನೆಯ ಕಿರೀಟ ತೆಗೆದುಕೊಂಡ. ಇದಾದರೂ ಸರಿ ಇರಲಿ ಎಂದು ಮನಸ್ಸಿನಲ್ಲೇ ಅಂದುಕೊಂಡು ನಿಧಾನವಾಗಿ ಇಟ್ಟ. ಅದು ಮೂಗಿನಲ್ಲೂ ನಿಲ್ಲಲಿಲ್ಲ. ಗಲ್ಲ ದಾಟಿ ಕುತ್ತಿಗೆಗೆ ಬಂದು ಭುಜದ ಮೇಲೆ ಕೂತಿತು.

ಅಂಗಳವೆಲ್ಲ ನಕ್ಕಿತು. ಚೋಟಮ್ಮ ಕಣ್ಣು ತೆರೆದಳು. ಕುತ್ತಿಗೆಯಿಂದ ಕಿರೀಟವನ್ನು ಮೇಲೆ ತೆಗೆದು, ಹರಿಯದಂತೆ ಜೋಪಾನವಾಗಿ ತಾತನ ಕೈಗೆ ಕೊಟ್ಟಳು.

"ಎತ್ತಿಡು. ಮುಂದಿನ ವರ್ಷ ಹಾಕ್ಕೋತೀನಿ."

ಆಮೇಲೆ ಟೀಚರ್ ಕಡೆ ತಿರುಗಿದಳು. "ಟೀಚರ್, ಗಂಟೆ ಬೇರೆ ಯಾರಾದ್ರೂ ಹೊಡೀಲಿ."

ಯಾರೂ ಏನೂ ಹೇಳುವ ಮೊದಲೇ ತರಗತಿಯೊಳಗೆ ಹೋಗಿ, ಅಲ್ಲಿ ಉಳಿದಿದ್ದ ಬೆಂಚಿನಲ್ಲಿ ಗೋಡೆಗೆ ಮುಖ ಮಾಡಿ ಕೂತಳು.

ತಾತ ಕಿರೀಟ ಹಿಡಿದು ನಿಂತೇ ಇದ್ದ. ಟೀಚರ್ ಗಡಿಯಾರ ನೋಡಿದಳು. ಹತ್ತು ಗಂಟೆಗೆ ಶುರುವಾಗಬೇಕಾದ್ದು. ಇನ್ನೂ ಮುಕ್ಕಾಲು ಗಂಟೆ ಇತ್ತು. ಅಜ್ಜಿ ಜಗಲಿ ಹತ್ತಿ ಬಂದು ಗಂಡನ ಮೊಣಕೈ ಹಿಡಿದಳು.

"ಒಳಗೆ ಹೋಗಿ. ಇನ್ನೊಂದು ಸಲ ಅಳತೆ ತೊಗೊಳ್ಳಿ. ನಲವತ್ತು ವರ್ಷದ ಕೈ ಅಂತ ಮಾತ್ರ ಹೇಳಬೇಡಿ."

ತಾತ ಒಳಗೆ ಹೋದ. ಮಕ್ಕಳ ಬೆಂಚು ಗಿಡ್ಡ. ಕೂತರೆ ಅವನ ಮೊಣಕಾಲು ಗದ್ದಕ್ಕೆ ಬಂತು. ಚೋಟಮ್ಮ ಗೋಡೆಯನ್ನೇ ನೋಡುತ್ತಿದ್ದಳು.

"ಕತ್ತರಿ ಆಣೆ ಹಾಕಿದ್ದೆ," ಎಂದಳು.

"ಹೌದು."

"ಮತ್ತೆ?"

ತಾತ ಅಳತೆ ಪುಸ್ತಕದಲ್ಲಿ ಬರೆದಂತೆಯೇ ಕತ್ತರಿಸಿದ್ದ. ಎಲ್ಲಿ ತಪ್ಪಿತೆಂದು ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಹಳೆಯದೊಂದು ಮಾತು ತೆಗೆದ.

"ನಾನು ಈ ಶಾಲೆಗೆ ಬಂದ ಮೊದಲ ದಿನ ನನ್ನ ಅಣ್ಣನ ಅಂಗಿ ಹಾಕ್ಕೊಂಡು ಬಂದಿದ್ದೆ. ಅಣ್ಣನಿಗೆ ಆಗದೆ ಬಿಟ್ಟಿದ್ದು, ನಂಗೂ ಆಗ್ತಿರಲಿಲ್ಲ. ಗುಂಡಿ ಹಾಕಿದ್ರೆ ಉಸಿರು ಬಿಡೋ ಹಾಗಿಲ್ಲ. ಮೇಷ್ಟ್ರು ಹೆಸರು ಕರೆದ್ರು. ಕೈ ಎತ್ತಿದೆ. ಕಂಕುಳಿಂದ ಸೊಂಟದ ತನಕ ಪರ್ರಂತ ಹರೀತು. ಹೊರಗೆ ಕೂತಿದ್ದಾನಲ್ಲ ಹಾಲಿನವನು, ಅವನೇ ಮೊದಲು ನಕ್ಕಿದ್ದು. ಅವತ್ತಿಂದ ನಂಗೆ ಬಿಗಿ ಅಂದ್ರೆ ಆಗಲ್ಲ."

ಚೋಟಮ್ಮ ಗೋಡೆಯಿಂದ ಮುಖ ತಿರುಗಿಸಿದಳು. ತಾತನಿಗೆ ಸಮಾಧಾನವಾಯಿತು. ಆದರೆ ಅವಳು ಮರುಗಲಿಲ್ಲ.

"ಹರಿದಿದ್ದು ನಿನ್ನ ಅಂಗಿ ತಾನೆ?"

"ಹೌದು."

"ಅದಕ್ಕೆ ನಾನ್ಯಾಕೆ ದೊಗಳೆ ಹಾಕ್ಕೋಬೇಕು?"

ತಾತ ತನ್ನ ಮೊಣಕಾಲು ನೋಡಿಕೊಂಡ. ಇಲ್ಲಿ ಜೋರಾಗಿ ತುಳಿಯಲು ಮಷೀನೂ ಇರಲಿಲ್ಲ.

"ಅಳತೆ ತೊಗೋ," ಎಂದಳು ಚೋಟಮ್ಮ. "ಈ ಸಲ ನಾನೂ ನೋಡ್ತೀನಿ."

ತಾತ ಕೊರಳಿನ ಟೇಪು ತೆಗೆದು ಅವಳ ತಲೆಗೆ ಸುತ್ತಿದ. ಅಂಕಿ ಓದಲು ಬಗ್ಗಿದ.

"ಬೆರಳು ತೆಗಿ."

"ಯಾವ ಬೆರಳು?"

"ಟೇಪಿನ ಒಳಗಿರೋದು."

ತಾತ ನೋಡಿದ. ಅವನ ಎಡಗೈಯ ಎರಡು ಬೆರಳು ಟೇಪಿನ ಒಳಗೆ, ಮೊಮ್ಮಗಳ ಕೂದಲಿಗೆ ಒತ್ತಿಕೊಂಡು, ತಮ್ಮ ಮನೆಯಲ್ಲಿ ಕೂತಂತೆ ಕೂತಿದ್ದವು. ಅವು ಯಾವಾಗ ಒಳಗೆ ಹೋದವೋ ಅವನಿಗೆ ತಿಳಿದಿರಲಿಲ್ಲ. ಬುಧವಾರ ಮೂವತ್ತೊಂದು ತಲೆಗಳ ಮೇಲೂ ಹೀಗೆಯೇ ಕೂತಿದ್ದವೆಂದು, ಮೊಮ್ಮಗಳ ತಲೆಯ ಮೇಲೆ ನಾಲ್ಕು ಬೆರಳು ಕೂತಿದ್ದವೆಂದು ಈಗ ಹೊಳೆಯಿತು. ಕಾಗದಕ್ಕೆ ಗೆರೆ ಎಳೆದು ಒಂದು ಬೆರಳು ಆಚೆಗೆ ಕತ್ತರಿಸಿದ್ದೂ ನೆನಪಾಯಿತು. ಬಟ್ಟೆಯಾಗಿದ್ದರೆ ಹೊಲಿಗೆಯಲ್ಲಿ ಅಷ್ಟಾದರೂ ಒಳಗೆ ಹೋಗುತ್ತಿತ್ತು. ಕಾಗದ ಎಲ್ಲಿಗೆ ಹೋಗಬೇಕು?

ಒಂದು ಬೆರಳು ತೆಗೆದ.

"ಇನ್ನೊಂದು."

"ಒಂದಾದ್ರೂ ಇರಲಿ. ನೋವಾಗುತ್ತೆ."

"ತಾತ."

ಅದನ್ನೂ ತೆಗೆದ. ಟೇಪು ಹಣೆಗೆ ಕೂತಿತು. ಹತ್ತೊಂಬತ್ತು ಅಂಗುಲ. ಪುಸ್ತಕದಲ್ಲಿ ಬರೆದದ್ದು ಇಪ್ಪತ್ತೆರಡು.

ಚೋಟಮ್ಮ ಕಿರೀಟದ ಅಂಟು ಬಿಡಿಸಿ, ಹತ್ತೊಂಬತ್ತಕ್ಕೆ ಪೆನ್ಸಿಲಿನಿಂದ ಗುರುತು ಹಾಕಿ, ಮೊಂಡು ಕತ್ತರಿ ತೆಗೆದುಕೊಂಡಳು. ಕತ್ತರಿಸಲು ತಾತ ಕೈ ಚಾಚಿದ. ಅವಳು ಕೊಡಲಿಲ್ಲ. ತಾನೇ ಕತ್ತರಿಸಿದಳು. ಗೆರೆ ಮೊದಲು ಎಡಕ್ಕೆ ಹೋಯಿತು, ಆಮೇಲೆ ಬಲಕ್ಕೆ ಬಂತು. ತಾತ ಕಣ್ಣು ಮುಚ್ಚಿಕೊಂಡ. ಗೋಂದು ಹಚ್ಚಿ ಎರಡು ತುದಿ ಒತ್ತಿ ಹಿಡಿದು, ನೂರರವರೆಗೆ ಎಣಿಸಿ ತಲೆಯ ಮೇಲೆ ಇಟ್ಟುಕೊಂಡಳು.

ನಿಂತಿತು. ತಲೆ ಬಗ್ಗಿಸಿದಳು, ನಿಂತಿತು. ಒಂದು ಸಲ ಹಾರಿದಳು, ಆಗಲೂ ನಿಂತಿತು. ಫ್ರಾಕು ಎರಡು ಸಲ ಹಾರಿತು.

ಬಾಗಿಲಲ್ಲಿ ಸದ್ದಾಯಿತು. ಮೂವತ್ತೊಂದು ಮಕ್ಕಳು ಒಬ್ಬರ ಮೇಲೊಬ್ಬರು ಬಿದ್ದು, ಕಿರೀಟಗಳನ್ನು ಹಣೆಯಿಂದ ಮೇಲಕ್ಕೆ ಎತ್ತಿ ಹಿಡಿದು ಇಣುಕುತ್ತಿದ್ದರು.

"ನಂದೂ ಮಾಡು ತಾತ."

"ನಂಗೆ ಮೊದಲು!"

ತಾತ ಏಳಲು ಹೋದ. ಗಿಡ್ಡ ಬೆಂಚು ಅವನನ್ನು ಅಷ್ಟು ಸುಲಭಕ್ಕೆ ಬಿಡಲಿಲ್ಲ; ಚೋಟಮ್ಮ ಕೂಡ ಬಿಡಲಿಲ್ಲ.

"ನೀನು ಅಲ್ಲೇ ಕೂತಿರು. ಮುಟ್ಟಬೇಡ. ನೂಲು ಇದ್ರೆ ಕೊಡು."

ಜೇಬಿನಲ್ಲಿ ನೂಲಿನ ಉಂಡೆ ಇಲ್ಲದ ದರ್ಜಿ ಉಂಟೆ? ಕೊಟ್ಟ. ಚೋಟಮ್ಮ ಮಾರುದ್ದದ ತುಂಡುಗಳನ್ನು ಕತ್ತರಿಸಿ ಹಂಚಿದಳು. ಇಬ್ಬಿಬ್ಬರು ಜೋಡಿ. ಒಬ್ಬರ ತಲೆಗೆ ಇನ್ನೊಬ್ಬರು ನೂಲು ಸುತ್ತಬೇಕು, ಬೆರಳು ಒಳಗೆ ಹಾಕಬಾರದು, ನೂಲಿನಷ್ಟೇ ಉದ್ದಕ್ಕೆ ಕಾಗದ ಕತ್ತರಿಸಿ ಅಂಟಿಸಬೇಕು. ತರಗತಿ ಸಂತೆಯಾಯಿತು. ಒಬ್ಬಳ ಕೂದಲಿಗೆ ಗೋಂದು ಹತ್ತಿತು. ಒಬ್ಬ ನೂಲಿನ ಬದಲು ಗೆಳೆಯನ ಕಿವಿ ಎಳೆದ. ಕತ್ತರಿಸಿದ ಜಾಗದಲ್ಲೆಲ್ಲ ಗೆರೆ ಹಾವಿನಂತೆ ಹರಿಯಿತು. ತಾತ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದ. ಬಾಗಿಲಿಗೆ ಒರಗಿ ನಿಂತ ಟೀಚರ್ ಮುಖದಲ್ಲಿ, ಬುಧವಾರ ಕಳೆದುಹೋದದ್ದು ಶನಿವಾರ ಸಿಕ್ಕಿದ ಸಂತೋಷವಿತ್ತು.

"ಕಷ್ಟ ಆಗ್ತಿದ್ಯಾ ತಾತ?" ಎಂದು ಕೇಳಿದಳು.

"ಹಲ್ಲು ಕೀಳಿಸಿಕೊಂಡಾಗಲೂ ಇಷ್ಟು ಆಗಿರಲಿಲ್ಲ."

ಹಾಲಿನವರ ಮೊಮ್ಮಗಳಿಗೆ ಜೋಡಿ ಸಿಕ್ಕಿರಲಿಲ್ಲ. ಕಿರೀಟವನ್ನು ಬಳೆಯಂತೆ ತೋಳಿಗೆ ಹಾಕಿಕೊಂಡು ಚೋಟಮ್ಮನ ಬಳಿ ಬಂದಳು.

"ದೊಗಳೆ, ನನ್ನ ತಲೆ ಅಳೀತೀಯಾ?"

ಚೋಟಮ್ಮ ನೂಲು ಸುತ್ತುತ್ತಾ ತಲೆಯೆತ್ತಲಿಲ್ಲ. "ಆ ಹೆಸರಿನೋರು ಇಲ್ಲಿಲ್ಲ. ಹೊರಗೆ ಹುಡುಕು."

ಹುಡುಗಿ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದಳು. ಹೊರಗೆ ಬೆಂಚಿನಿಂದ ಅವಳ ತಾತನ ನಗು ಕೇಳಿಸುತ್ತಿತ್ತು.

"ಚೋಟಮ್ಮಾ," ಎಂದಳು.

"ಬಾ. ಜಡೆ ಮೇಲಕ್ಕೆ ಹಿಡ್ಕೋ."

ಹತ್ತು ಗಂಟೆಗೆ ಆಗಬೇಕಾದ್ದು ಹತ್ತೂ ಇಪ್ಪತ್ತಕ್ಕೆ ಶುರುವಾಯಿತು. ಮೂವತ್ತೆರಡು ಮಕ್ಕಳು ಮತ್ತೆ ಸಾಲು ನಿಂತಾಗ ಅಂಗಳದಲ್ಲಿ ಯಾರೂ 'ಓ' ಎನ್ನಲಿಲ್ಲ. ಹಲ್ಲು ಮಾತ್ರ ಗರಗಸದಂತೆ ಸಮವಾಗಿತ್ತು. ಕೂಡಿಸಿದ ಕಡೆಯಲ್ಲೆಲ್ಲ ಹಲ್ಲಿನ ಮೇಲೆ ಹಲ್ಲು ಏರಿತ್ತು, ಗೋಂದು ಸುರಿದಿತ್ತು. ಆದರೆ ಎಲ್ಲರಿಗೂ ಕಣ್ಣಿತ್ತು. ಅರವತ್ತನಾಲ್ಕು ಕಣ್ಣುಗಳೂ ನೆಟ್ಟಗೆ ಮುಂದೆ ನೋಡುತ್ತಿದ್ದವು.

"ಈಗ ಸರಿಹೋಯ್ತು ನೋಡು," ಎಂದ ಹಾಲಿನವನು. "ಯಾರೋ ಬೇರೆ ದರ್ಜಿ ಸಿಕ್ಕಿರಬೇಕು."

"ಹೌದಪ್ಪ," ಎಂದ ತಾತ ಅವನ ಪಕ್ಕದಲ್ಲಿ ಕೂರುತ್ತಾ. "ಚಿಕ್ಕೋಳು. ಆದ್ರೆ ಬಾಯಿ ಜೋರು. ನಿನ್ನ ತಲೆನೂ ಅಳೆಸಿಕೋ. ಕೂದಲಿನ ಅಡ್ಡಿಯೂ ಇಲ್ಲ, ಅಳತೆ ಸರಿಯಾಗಿ ಬರುತ್ತೆ."

ಟೀಚರ್ ಕಬ್ಬಿಣದ ಸರಳನ್ನು ಚೋಟಮ್ಮನ ಕೈಗೆ ಕೊಟ್ಟಳು. ಹಳಿ ಎತ್ತರದಲ್ಲಿತ್ತು. ಒಂದು ಮಣೆ ತಂದಿಟ್ಟರು. ಅವಳು ಹತ್ತಿ ನಿಂತು ಸರಳನ್ನು ಹಿಂದಕ್ಕೆ ಬೀಸಿ ಹೊಡೆದಳು. ಶಬ್ದ ಅಂಗಳ ದಾಟಿ ಬೀದಿಗೆ ಹೋಯಿತು.

"ಒಂದು!" ಎಂದು ಎಲ್ಲರೂ ಕೂಗಿದರು.

ಊರು ಗಂಟೆಯನ್ನು ನೋಡುತ್ತಿತ್ತು. ತಾತ ಕಿರೀಟವನ್ನು ನೋಡುತ್ತಿದ್ದ. ಪ್ರತಿ ಏಟಿಗೂ ಅವಳ ಇಡೀ ಮೈ ಅಲುಗುತ್ತಿತ್ತು. ಏಳನೆಯ ಏಟಿಗೆ ಫ್ರಾಕಿನ ಮಡಿಸಿದ ತೋಳು ಬಿಚ್ಚಿ ಬೆರಳ ತುದಿಗೆ ಇಳಿಯಿತು. ಹಲ್ಲಿನಿಂದ ಕಚ್ಚಿ ಮೇಲೆಳೆದುಕೊಂಡು ಎಂಟನೆಯದನ್ನು ಹೊಡೆದಳು. ಇಪ್ಪತ್ತಕ್ಕೆ ಇನ್ನೊಂದು ತೋಳು ಇಳಿಯಿತು. ಅದನ್ನು ಗಮನಿಸಲೂ ಇಲ್ಲ. ಮೂವತ್ತಕ್ಕೆ ಮುಖ ಕೆಂಪಾಗಿತ್ತು. ನಲವತ್ತಕ್ಕೆ ಎರಡೂ ಕೈಯಲ್ಲಿ ಸರಳು ಹಿಡಿದಿದ್ದಳು. ಕಿರೀಟ ಹಣೆಯ ಮೇಲೆ ಎಲ್ಲಿ ಇಟ್ಟಿದ್ದಳೋ ಅಲ್ಲೇ ಇತ್ತು. ನಲವತ್ತೊಂಬತ್ತರ ಹೊತ್ತಿಗೆ ತಾತನ ಉಸಿರೇ ಕಟ್ಟಿತ್ತು. ಅಜ್ಜಿ ಬೆನ್ನಿಗೆ ಗುದ್ದಿ ಬಿಡಿಸಿದಳು.

"ಐವತ್ತು!"

ಚಪ್ಪಾಳೆ ಬಿತ್ತು. ಹಾಲಿನವನು ಎಲ್ಲರಿಗಿಂತ ಜೋರಾಗಿ ತಟ್ಟಿದ. ಚೋಟಮ್ಮ ಮಣೆಯಿಂದ ಇಳಿದು, ಸರಳನ್ನು ಟೀಚರಿಗೆ ಕೊಟ್ಟು, ಬೆಂಚುಗಳ ನಡುವೆ ರಾಣಿಯಂತೆ ನಿಧಾನವಾಗಿ ನಡೆದು ಬಂದಳು. ಯಾರೂ ದೊಗಳೆ ಎನ್ನಲಿಲ್ಲ. ತಾತನ ಮುಂದೆ ನಿಂತು, ಅವನ ಭುಜ ಹಿಡಿದು ಬಗ್ಗಿಸಿ, ಕಿವಿಗೆ ಬಾಯಿ ತಂದಳು.

"ತಾತ, ಯಾರಿಗೂ ಹೇಳಬೇಡ. ಸ್ವಲ್ಪ ಒತ್ತುತ್ತೆ."

ತಾತ ನೋಡಿದ. ಕಾಗದದ ಅಂಚಿನ ಕೆಳಗೆ ಹಣೆಯ ಉದ್ದಕ್ಕೂ ತೆಳ್ಳಗೆ ಒಂದು ಕೆಂಪು ಗೆರೆ ಮೂಡಿತ್ತು. ಅವನ ಬಾಯಿ ತೆರೆಯಿತು. ನಲವತ್ತು ವರ್ಷದಿಂದ ಹೇಳಿಕೊಂಡು ಬಂದ ಮಾತೆಲ್ಲ ನಾಲಿಗೆಯ ತುದಿಗೆ ಬಂತು.

"ತೆಗೀಲಾ?" ಎಂದಷ್ಟೇ ಕೇಳಿದ.

"ಬೇಡ!" ಎಂದು ಎರಡೂ ಕೈಯಿಂದ ಕಿರೀಟ ಹಿಡಿದುಕೊಂಡು ಅವಳು ಮಕ್ಕಳ ಗುಂಪಿನತ್ತ ಓಡಿದಳು.

"ಏನಂತೆ ಅವಳು?" ಎಂದಳು ಅಜ್ಜಿ.

"ಏನಿಲ್ಲ. ಸರಿಯಾಗಿದೆಯಂತೆ," ಎಂದ ತಾತ.